ಐದು ಒದ್ದೆ, ಒಂದು ಒಣ

ಅಡುಗೆಮನೆಯ ಮೇಜಿನ ಮೇಲೆ ಸೋರುವ ಹಾಲು ಹೀರಲು ಎದೆಗಿಟ್ಟುಕೊಳ್ಳುವ ಮೂರು ಜೊತೆ ಪ್ಯಾಡುಗಳನ್ನು ಸಾಲಾಗಿ ಇಟ್ಟುಕೊಂಡು ಬ್ರೈಡಿ ಬೆಳಿಗ್ಗೆ ಆರು ಗಂಟೆಗೆ ನಿಂತಿದ್ದಳು. ಹನ್ನೊಂದು ವರ್ಷ ಉಣ್ಣೆ ವಿಂಗಡಿಸಿ ಬದುಕಿದವಳು ಅವಳು. ಕಣ್ಣು ಮುಚ್ಚಿಕೊಂಡು ಎರಡು ಬೆರಳ ನಡುವೆ ಒಂದೆಳೆ ಉಜ್ಜಿ, ಇದರ ದಪ್ಪ ಹದಿನೇಳು ಮೈಕ್ರಾನು, ಇದರದು ಹತ್ತೊಂಬತ್ತು ಎಂದರೆ, ಆಮೇಲೆ ಪ್ರಯೋಗಾಲಯದಿಂದ ಬರುವ ಕಾಗದದಲ್ಲೂ ಅದೇ ಇರುತ್ತಿತ್ತು. ಅಂಥವಳಿಗೆ ತನ್ನ ಎದೆಯ ಮೇಲೆ ಏನಿಟ್ಟುಕೊಳ್ಳಬೇಕೆಂಬುದು ಕಾಲು ಗಂಟೆಯಿಂದ ಬಗೆಹರಿದಿರಲಿಲ್ಲ. ಒಳಕೋಣೆಯಲ್ಲಿ ಹನ್ನೊಂದು ವಾರದ ಮಗಳು ಮಾರ್ನಿ ಹೊಟ್ಟೆ ತುಂಬ ಕುಡಿದು, ಬಾಯಿ ಅರ್ಧ ತೆರೆದುಕೊಂಡು ಮಲಗಿದ್ದಳು. ಇನ್ನು ಮಧ್ಯಾಹ್ನದವರೆಗೆ ಆ ಬಾಯಿಗೂ ಈ ಎದೆಗೂ ನಡುವೆ ಮೂವತ್ತು ಕಿಲೋಮೀಟರ್ ದಾರಿ. ಹಾಲಿಗೆ ಆ ವಿಷಯ ಯಾರು ಹೇಳಬೇಕು? ಅದು ತನ್ನ ಪಾಡಿಗೆ ತಾನು ತುಂಬಿಕೊಳ್ಳುತ್ತದೆ, ಮನಸ್ಸು ಬಂದಾಗ ಇಳಿಯುತ್ತದೆ, ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬೇರೆಯವರ ಮಗು ಕುಂಯ್ ಅಂದರೂ ಇಳಿಯುತ್ತದೆ. ಮೂವತ್ತನಾಲ್ಕು ವರ್ಷ ತನ್ನದೆಂದುಕೊಂಡಿದ್ದ ಮೈ ಈಗ ಬೇರೆ ಯಾರದೋ ಮಾತು ಕೇಳುತ್ತಿದೆ ಅನ್ನಿಸಿ ಅವಳಿಗೆ ಕೋಪವೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಮೊದಲನೆಯ ಜೊತೆ ಔಷಧದಂಗಡಿಯದು. ಬೆನ್ನಿಗೆ ಪ್ಲಾಸ್ಟಿಕ್ಕು, ಅದರ ಮೇಲೊಂದು ಅಂಟುಪಟ್ಟಿ. ಉಸಿರೆಳೆದರೆ ಚಿಪ್ಸ್ ಪೊಟ್ಟಣದ ಹಾಗೆ ಸರಪರ ಅನ್ನುತ್ತದೆ. ಆ ಸದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಹೋದ ತಿಂಗಳು ಕುರಿಂಡಿ ಫಾರ್ಮಿಗೆ ಕೆಲಸದ ಮಾತಾಡಲು ಹೋದಾಗ ಆಗಿದ್ದನ್ನು ನೆನೆದರೆ ಅವಳ ಕಿವಿ ಇವತ್ತಿಗೂ ಬಿಸಿಯಾಗುತ್ತದೆ. ಹಾಲ್ಡೇನ್ ಹಳೆ ಕಾಲದ ಮನುಷ್ಯ, ಎಂಟು ಸಾವಿರ ಕುರಿಯ ಯಜಮಾನ, ವರಾಂಡದಲ್ಲಿ ಕೂರಿಸಿ ಚಹಾ ಕೊಟ್ಟಿದ್ದ. ಈ ವರ್ಷದ ಉಣ್ಣೆ ಹೇಗಿದೆ, ಮೂಟೆ ಎಷ್ಟಾಗಬಹುದು ಅಂತೆಲ್ಲ ಗಂಭೀರವಾಗಿ ಮಾತಾಡುತ್ತಿರುವಾಗ ಅವನ ಕಂದು ನಾಯಿ ಸ್ಪಡ್ ಮೆಟ್ಟಿಲಿನಿಂದ ಏನನ್ನೋ ಕಚ್ಚಿಕೊಂಡು ಬಂತು. ಬೇಟೆಯ ಹಕ್ಕಿ ತಂದವನ ಠೀವಿಯಿಂದ ಯಜಮಾನನ ಮೊಣಕಾಲ ಮೇಲೆ ಇಟ್ಟಿತು. ಬಿಳಿ, ದುಂಡಗೆ, ಅಂಟುಪಟ್ಟಿ ಸಮೇತ. ಹಾಲ್ಡೇನ್ ಕನ್ನಡಕ ಏರಿಸಿ ನೋಡಿದ. ಆಮೇಲೆ ಅದನ್ನು ಎರಡು ಬೆರಳಲ್ಲಿ ಎತ್ತಿ ಅವಳ ಚಹಾ ತಟ್ಟೆಯ ಪಕ್ಕ ಇಟ್ಟು, “ಇದು ನಿಂದಿರಬೇಕಮ್ಮ,” ಅಂದ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವನು ನಗಲಿಲ್ಲ. ಆ ಗಾಬರಿಯಲ್ಲೇ ಅವಳು, ಅವನು ಕೇಳದೆ ಇದ್ದದ್ದಕ್ಕೂ ಉತ್ತರ ಕೊಡಲು ಶುರುಮಾಡಿದ್ದಳು: “ಏನೂ ತೊಂದ್ರೆ ಆಗಲ್ಲ ಯಜಮಾನ್ರೇ. ಮಗೂನ ಶೆಡ್ಡಿನ ಹತ್ರಾನೂ ತರಲ್ಲ. ಎಂದಿನ ಹಾಗೇ ಮಾಡ್ತೀನಿ. ಏನೂ ತೊಂದ್ರೆ ಆಗಲ್ಲ.” ಹಾಲ್ಡೇನ್ ನಾಯಿಯ ತಲೆ ಸವರುತ್ತ, “ಸರಿ. ಮೊದಲ ದಿನ ನೋಡೋಣ. ಆಗ್ದಿದ್ರೆ ಹೇಳ್ಬಿಡು, ನಾಚ್ಕೋಬೇಡ, ಬೇರೆ ಯಾರಾದ್ರೂ ಸಿಗ್ತಾರೆ,” ಅಂದಿದ್ದ. ಒಳ್ಳೆಯ ಮಾತೇ. ಆದರೆ ಕುರಿಂಡಿ ಕೈಬಿಟ್ಟರೆ ಈ ರಿವರೀನ ಬಯಲಿನ ಉದ್ದಕ್ಕೂ ಸುದ್ದಿ ಒಂದು ವಾರದಲ್ಲಿ ಹಬ್ಬುತ್ತದೆ. ಪಾಪ, ಬಾಣಂತಿ, ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಆಮೇಲೆ ಅದರ ಮುಂದಿನ ವರ್ಷ. ಹನ್ನೊಂದು ವರ್ಷದ ಕೈ ಅಷ್ಟಕ್ಕೇ ಹೋಗಿಬಿಡುತ್ತದೆ. ಆ ಮೊದಲ ದಿನವೇ ಇವತ್ತು.

ಎರಡನೆಯ ಜೊತೆ ಅತ್ತೆ ನೊಲೀನ್ ಹೆಣೆದದ್ದು. ಅವುಗಳನ್ನು ನೋಡಿದರೇ ಬ್ರೈಡಿಗೆ ಮೈ ಕೆರೆದ ಹಾಗಾಗುತ್ತಿತ್ತು. ಯಾವುದೋ ಮಿಶ್ರತಳಿ ಕುರಿಯದು, ಇಪ್ಪತ್ತೆಂಟು ಮೈಕ್ರಾನಿಗೆ ಕಡಿಮೆಯಿಲ್ಲ, ಕಂಬಳಿಯ ದರ್ಜೆ. ತೊಳೆಯದೆ ನೂತ ಉಣ್ಣೆ, ಅದರ ಜಿಡ್ಡು ಅದರಲ್ಲೇ ಇದೆ. ಬಣ್ಣ ಹಳಸಿದ ಚಹಾದ್ದು, ವಾಸನೆ ಟಗರಿನದು. ಶೆಡ್ಡಿನಲ್ಲಿ ಅಂಥದ್ದು ಮೇಜಿಗೆ ಬಂದರೆ ಅವಳು ಎರಡು ಸಲ ನೋಡದೆ ಮೂಲೆಯ ಖಾನೆಗೆ ಎಸೆಯುತ್ತಿದ್ದಳು. ಅತ್ತೆಯ ಕೈಕೆಲಸವನ್ನು ಯಾವ ಖಾನೆಗೆ ಎಸೆಯುವುದು? ವಿಂಗಡಿಸುವವರ ಪಾಠದಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಮೂರನೆಯದು ಅವಳದೇ. ಹಿಂದಿನ ವರ್ಷ ಒಂದು ಶೆಡ್ಡಿನಲ್ಲಿ ಕೆಲಸ ಮೆಚ್ಚಿ ಯಜಮಾನಿತಿಯೊಬ್ಬಳು ಕೊಟ್ಟ ಒಂದು ಇಡೀ ಕುರಿಯ ತುಪ್ಪಟ, ಹದಿನಾರೂವರೆ ಮೈಕ್ರಾನು, ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗೇ ಇಲ್ಲ. ಬಸುರಿಯಾಗಿದ್ದಾಗ ಅದನ್ನು ಬಿಸಿನೀರಿನಲ್ಲಿ ಸೋಪು ಹಾಕಿ ನಾಲ್ಕು ಸಲ ತೊಳೆದಿದ್ದಳು, ಜಿಡ್ಡಿನ ಸುಳಿವೂ ಉಳಿಯದ ಹಾಗೆ. ಒಣಗಿ ಬಂದಾಗ ಮಲ್ಲಿಗೆಯಂಥ ಬಿಳುಪು. ಅದನ್ನೇ ನೂತು, ಏಳನೆಯ ತಿಂಗಳಲ್ಲಿ ಕಾಲು ಊದಿಸಿಕೊಂಡು ಕೂತು ಹೆಣೆದಿದ್ದಳು. ತನ್ನ ಎದೆಗೆ ತಾನೇ ಆರಿಸಿದ ಉಣ್ಣೆ! ಇದಕ್ಕಿಂತ ಮೃದುವಾದದ್ದು ಈ ಬಯಲಿನಲ್ಲೇ ಇಲ್ಲ. ಇವತ್ತಿನ ದಿನಕ್ಕೆಂದೇ ಎತ್ತಿಟ್ಟಿದ್ದಳು.

“ಇನ್ನೂ ನೋಡ್ತಾನೇ ಇದೀಯಾ? ಮದುವೆ ಗೌನು ಆರಿಸೋರು ಇಷ್ಟು ಹೊತ್ತು ಮಾಡಲ್ಲ,” ಎನ್ನುತ್ತ ನೊಲೀನ್ ಹಿಂಬಾಗಿಲಿನಿಂದ ಬಂದಳು. ಎರಡು ಬೀದಿ ಆಚೆ ಅವಳ ಮನೆ. ಮಗ ಡಾರ್ಸಿ ಧಾನ್ಯದ ಲಾರಿ ಹತ್ತಿ ವಾರಗಟ್ಟಲೆ ಹೋಗುತ್ತಿದ್ದುದರಿಂದ ಮಗು ನೋಡಿಕೊಳ್ಳುವ ಪಾಳಿ ಅವಳದು. ಇಪ್ಪತ್ತು ವರ್ಷ ಉಣ್ಣೆ ಶೆಡ್ಡುಗಳಲ್ಲಿ ಅಡುಗೆ ಮಾಡಿ ಮಾಡಿ ಅವಳ ದನಿ ಯಾವಾಗಲೂ ಇಪ್ಪತ್ತು ಜನಕ್ಕೆ ಕೇಳಿಸುವಷ್ಟು ದೊಡ್ಡದು.

“ಮಗು ಎದ್ದೀತು, ಮೆಲ್ಲಗೆ,” ಅಂದಳು ಬ್ರೈಡಿ.

“ನನ್ನ ದನಿಗೆ ಮಕ್ಕಳು ಎದ್ದಿದ್ದಿಲ್ಲ, ಮಲಗಿದ್ದುಂಟು. ನನ್ನ ಕಂದು ಜೊತೆ ಹಾಕ್ಕೊಂಡು ಹೋಗು. ಡಾರ್ಸಿಗೆ ಹಾಲು ಕುಡಿಸ್ತಿದ್ದಾಗ ಶೆಡ್ಡಲ್ಲಿ ಮೂವತ್ತು ಜನಕ್ಕೆ ಬೇಯಿಸಿದೀನಿ, ಇಂಥವನ್ನೇ ಹಾಕ್ಕೊಂಡು.”

“ಚುಚ್ಚುತ್ತೆ, ನೊಲೀನ್.”

“ಚುಚ್ಚುತ್ತೆ. ಚುಚ್ಚಲ್ಲ ಅಂತ ನಾನೆಲ್ಲಿ ಹೇಳಿದೆ?”

“ನಿಮ್ಮ ಹೆಣಿಗೆ ಚೆನ್ನಾಗಿದೆ. ಉಣ್ಣೆ ಸ್ವಲ್ಪ...” ಅವಳು ಮಾತು ಹುಡುಕಿದಳು. “ಸ್ವಲ್ಪ ಗಟ್ಟಿ ಜಾತಿದು. ಇನ್ನೊಂದು ದಿನ ಹಾಕ್ಕೋತೀನಿ.”

ನೊಲೀನ್ ಅವಳನ್ನೂ ಬಿಳಿ ಜೊತೆಯನ್ನೂ ಒಮ್ಮೆ ನೋಡಿದಳು. “ನಿಂಗೆ ತಿಳಿದಿರೋದು ನಂಗೆ ತಿಳಿದೀತಾ. ಹೋಗಮ್ಮ, ಹೊತ್ತಾಯ್ತು,” ಅಂದಳು. ಬೇಜಾರೋ ತಮಾಷೆಯೋ ಗೊತ್ತಾಗಲಿಲ್ಲ. ಬ್ರೈಡಿ ಬಿಳಿ ಜೊತೆ ಒಳಗಿಟ್ಟುಕೊಂಡು ನೀಲಿ ಅಂಗಿಯ ಗುಂಡಿ ಹಾಕಿಕೊಂಡಳು. ಹಾಯೆನಿಸಿತು. ನೋಡಿದಿರಾ ಎಂದು ಮನಸ್ಸಿನಲ್ಲೇ ಯಾರಿಗೋ ಹೇಳಿದಳು.

ದಾರಿಯುದ್ದಕ್ಕೂ ಅವಳು ಹಾಡಿಕೊಂಡೇ ಪಿಕಪ್ ಓಡಿಸಿದಳು. ಬಯಲು, ಬಯಲಿನ ಕೊನೆಗೊಂದು ಗೆರೆ, ಗೆರೆಯ ಮೇಲೆ ಸೂರ್ಯ. ಮಗುವನ್ನು ಬಿಟ್ಟು ಹೊರಟವಳು ಹೀಗೆ ಹಾಡಬಹುದೇ ಎಂಬ ಪ್ರಶ್ನೆ ಹತ್ತನೆಯ ಕಿಲೋಮೀಟರಿನಲ್ಲಿ ಬಂತು, ಹನ್ನೆರಡನೆಯದರಲ್ಲಿ ಹೋಯಿತು. ಅಳಬೇಕಿತ್ತು ಎಂದು ಪುಸ್ತಕಗಳಲ್ಲಿ ಬರೆದಿತ್ತು. ಅಳು ಬರಲಿಲ್ಲವಲ್ಲ ಎಂದು ಇಪ್ಪತ್ತನೆಯದರಲ್ಲಿ ಸ್ವಲ್ಪ ಸಂಕಟವಾಯಿತು. ಹೆರಿಗೆಯ ಮರುದಿನ ನರ್ಸು ಮಗುವನ್ನು ಎದೆಗೆ ಹಚ್ಚಿ, ಇನ್ನು ನೀನು ಇವಳ ಊಟ ಎಂದು ನಕ್ಕಿದ್ದಳು. ಊಟವಾಗಿರುವುದು ಬೇಜಾರಿನ ಸಂಗತಿಯೇನಲ್ಲ. ಆದರೆ ಊಟಕ್ಕೂ ಒಂದು ಕೆಲಸ ಬೇಡವೇ, ಒಂದು ಹೆಸರು ಬೇಡವೇ ಎಂದು ಅವಳು ಸ್ಟಿಯರಿಂಗಿಗೆ ಕೇಳಿದಳು.

ಕುರಿಂಡಿಯ ಉಣ್ಣೆ ಬೋಳಿಸುವ ಶೆಡ್ಡಿನಲ್ಲಿ ಹಳೆಯ ಕತ್ತರಿಗಾರ ಮರ್ವ್ ಬಾಗಿಲಲ್ಲೇ ನಿಂತಿದ್ದ. ಅರವತ್ತು ದಾಟಿದವನು, ಬೆನ್ನು ಕೊಕ್ಕೆಯಾಗಿದೆ, ಆದರೂ ದಿನಕ್ಕೆ ನೂರೈವತ್ತು ಕುರಿ ಬೋಳಿಸುತ್ತಾನೆ. ಆರು ಜನ ಕತ್ತರಿಗಾರರ ಪರವಾಗಿ ಮಾತಾಡುವವನೂ ಅವನೇ. ಹನ್ನೊಂದು ವರ್ಷದ ಹಿಂದೆ ಅವಳು ಮೊದಲ ಸಲ ಶೆಡ್ಡಿಗೆ ಕಾಲಿಟ್ಟಾಗ ಅವನು, “ಕೆರೆಗೆ ಬಾತು ಬಂತು!” ಎಂದು ಒಳಗೆ ಕೂಗಿದ್ದ. ಹೆಣ್ಣು ಬರುತ್ತಿದ್ದಾಳೆ, ಬಾಯಿ ಬಿಗಿಹಿಡಿಯಿರಿ ಎಂದು ಗಂಡಸರು ಒಬ್ಬರಿಗೊಬ್ಬರು ಕೂಗುತ್ತಿದ್ದ ಎಚ್ಚರಿಕೆ ಅದು. ಈಗ ಶೆಡ್ಡಿನಲ್ಲಿ ಅರ್ಧ ಜನ ಹೆಂಗಸರೇ. ಆದರೂ ಅವಳ ಮಟ್ಟಿಗೆ ಅವನು ಅದನ್ನು ಬಿಟ್ಟಿರಲಿಲ್ಲ.

“ಕೆರೆಗೆ ಬಾತು ಬಂತು ಕಣ್ರೋ! ಮರಿ ಎಲ್ಲಿ?”

“ಮನೇಲಿ.”

“ಯಾಕೆ?”

“ಕೆಲಸಕ್ಕೆ ಬಂದಿದೀನಿ ಮರ್ವ್, ಮೆರವಣಿಗೆಗಲ್ಲ.”

“ಓಹೋ,” ಅಂದು ಅವನು ಯಂತ್ರದ ಕತ್ತರಿಗೆ ಎಣ್ಣೆ ಬಿಡಲು ಹೋದ.

ಏಳೂವರೆಗೆ ಕೆಲಸದ ಗಂಟೆ ಹೊಡೆಯಿತು. ಆರು ಕತ್ತರಿಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ಮೊದಲ ತುಪ್ಪಟ ಗಾಳಿಯಲ್ಲಿ ಹರಡಿಕೊಂಡು ಮೇಜಿನ ಮೇಲೆ ಬಿದ್ದಾಗ ಬ್ರೈಡಿಗೆ ತನ್ನ ಕೈ ತನಗೆ ವಾಪಸು ಸಿಕ್ಕಿದ ಹಾಗಾಯಿತು. ಎಳೆ ಹಿರಿಯುವುದು, ಕಿವಿಯ ಬಳಿ ಹಿಡಿದು ಟಕ್ಕೆಂದು ಎಳೆದು ಗಟ್ಟಿತನ ಕೇಳುವುದು, ಅಂಚಿನ ಕೊಳೆ ಕಿತ್ತೆಸೆಯುವುದು, ಸುರುಳಿ ಸುತ್ತಿ ಯಾವ ಖಾನೆ ಎಂದು ಹೇಳುವುದು. ಯೋಚನೆಯೇ ಬೇಡ. ಜಿಡ್ಡಿನಲ್ಲಿ ಕೈ ಮುಳುಗಿ ಬೆರಳುಗಳು ಮೆತ್ತಗಾದವು. ಈ ಕಸುಬಿನವರ ಕೈ ಮಗುವಿನ ಕೈಯ ಹಾಗಿರುತ್ತದೆ, ಬಟ್ಟೆ ಒಗೆದರೂ ಪಾತ್ರೆ ತೊಳೆದರೂ ಒಡೆಯುವುದಿಲ್ಲ. ಹಾಲ್ಡೇನ್ ಒಂದು ಸಲ ಬಂದು, ಖಾನೆಗಳಿಗೆ ಕೈ ಹಾಕಿ ನೋಡಿ, ಏನೂ ಹೇಳದೆ ಹೋದ. ಏನೂ ಹೇಳದಿದ್ದರೆ ಅದು ಅವನ ಹೊಗಳಿಕೆ. ನಾಯಿ ಮಾತ್ರ ಅವಳನ್ನು ನೋಡಿ ಬಾಲ ಅಲ್ಲಾಡಿಸಿತು, ಹಳೆಯ ಪರಿಚಯ ನೆನಪಿದೆ ಅನ್ನುವ ಹಾಗೆ.

ಕೆಟ್ಟದ್ದು ಎಲ್ಲಿಂದ ಬರುತ್ತದೆಂದು ಅವಳು ಲೆಕ್ಕ ಹಾಕಿದ್ದಳೋ ಅಲ್ಲಿಂದ ಬರಲಿಲ್ಲ. ತಾಯಿಕುರಿಗಳನ್ನು ಶೆಡ್ಡಿನೊಳಕ್ಕೆ ತುಂಬಿ ಮರಿಗಳನ್ನು ಹೊರಗಿನ ದೊಡ್ಡಿಯಲ್ಲಿ ಕೂಡಿದ್ದರು. ಒಂಬತ್ತರ ಹೊತ್ತಿಗೆ ಮರಿಗಳಿಗೆ ಹಸಿವಾಯಿತು. ಒಂದು ಅಂತು, ಇನ್ನೊಂದು ಅಂತು, ಆಮೇಲೆ ನಾನೂರು ಮರಿ ಒಟ್ಟಿಗೆ. ಹನ್ನೊಂದು ವರ್ಷ ಕೇಳಿದ ಸದ್ದೇ ಅದು. ಯಾವತ್ತೂ ಕಿವಿಗೆ ಬಿದ್ದದ್ದೇ ಇಲ್ಲ. ಇವತ್ತು ಅದು ಕಿವಿಗೆ ಬೀಳಲಿಲ್ಲ, ನೆಟ್ಟಗೆ ಎದೆಗೆ ಬಿತ್ತು. ಮೊದಲು ಸೂಜಿ ಚುಚ್ಚಿದ ಹಾಗೆ ಜುಂ ಎಂದಿತು, ಆಮೇಲೆ ಬಿಸಿ. ಅಯ್ಯೋ ನಿನ್ನ, ಅವು ಕುರಿ ಕಣೇ ಎಂದು ಅವಳು ತನ್ನ ಎದೆಗೆ ಬೈದಳು. ಎದೆ ಕೇಳಬೇಕಲ್ಲ! ಕರು ಕಂಡ ಹಸುವಿನ ಹಾಗೆ ತೊರೆ ಬಿಟ್ಟುಕೊಂಡಿತು. ತನ್ನ ಮಗು ಮೂವತ್ತು ಕಿಲೋಮೀಟರ್ ಆಚೆ ನಿದ್ದೆ ಮಾಡುತ್ತಿದೆ, ಇಲ್ಲಿ ಯಾರದೋ ಕುರಿಮರಿಗೆ ಇವಳು ಹಾಲಿಳಿಸುತ್ತಿದ್ದಾಳೆ. ಮಾರ್ನಿಗೆ ಮೋಸ ಮಾಡಿದ ಹಾಗಾಯಿತೇ? ಆಯಿತು ಅನ್ನಿಸಿತು. ಇಷ್ಟು ಸಣ್ಣ ಸದ್ದಿಗೆ ಮರುಳಾಗುವ ತಾಯ್ತನ ಅದೆಂಥದ್ದು ಅನ್ನಿಸಿತು. ಮರುಗಳಿಗೆಯಲ್ಲೇ, ಮರಿಗಳು ಎಲ್ಲ ಕಡೆ ಒಂದೇ ಭಾಷೆಯಲ್ಲಿ ಕರೆದರೆ ತನ್ನದೇನು ತಪ್ಪು ಅಂತಲೂ ಅನ್ನಿಸಿತು. ಬಿಳಿ ಜೊತೆ ಮೊದಲ ಐದು ನಿಮಿಷ ಎಲ್ಲ ಹೀರಿಕೊಂಡಿತು. ಆಮೇಲೆ ಹೀರಿದ್ದನ್ನೆಲ್ಲ ಆಚೆಗೆ ದಾಟಿಸಿತು.

ಒಂಬತ್ತೂವರೆಗೆ ಚಹಾ ಬಿಡುವು. ಎದೆಗೆ ಕ್ಲಿಪ್‌ಬೋರ್ಡು ಅಡ್ಡ ಹಿಡಿದುಕೊಂಡು ಅವಳು ಪಿಕಪ್ಪಿಗೆ ಓಡಿದಳು. ಹದಿನಾರೂವರೆ ಮೈಕ್ರಾನಿನ ಹೆಮ್ಮೆ ನೆನೆದ ಬ್ರೆಡ್ಡಿನ ಹಾಗೆ ಕೈಗೆ ಬಂತು. ಹಿಂಡಿದರೆ ತೊಟತೊಟ ಸುರಿಯಿತು. ಹಾಲನ್ನು ಬಾಟಲಿಗೆ ಹಿಂಡಿಕೊಳ್ಳಲು ಶುರುಮಾಡಿ ಇನ್ನೂ ನಾಲ್ಕು ನಿಮಿಷವಾಗಿರಲಿಲ್ಲ, ಕಿಟಕಿಗೆ ಧಡ್ ಎಂದು ಎರಡು ಪಂಜಗಳು ಬಿದ್ದವು. ಸ್ಪಡ್! ನಾಲಿಗೆ ಇಳಿಬಿಟ್ಟುಕೊಂಡು ಭಾರಿ ಆಸಕ್ತಿಯಿಂದ ನೋಡುತ್ತಿತ್ತು. ಅದರ ಹಿಂದೆ ಎಲ್ಲೋ ಹಾಲ್ಡೇನನ ಸಿಳ್ಳೆ. ಅವಳು ಬಾಟಲಿ ಮುಚ್ಚಿ, ಗುಂಡಿ ಹಾಕಿ, ಸೀಟಿನಲ್ಲೇ ಕುಗ್ಗಿ ಕೂತಳು. ನಾಯಿ ಹೋಗಲಿಲ್ಲ. ಕೆಲಸದ ಗಂಟೆ ಹೊಡೆಯುವವರೆಗೂ ಹೋಗಲಿಲ್ಲ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಔಷಧದಂಗಡಿಯವು ಎರಡು ಉಳಿದಿದ್ದವು, ಒಂದರ ಅಂಟು ಸತ್ತಿತ್ತು. ಅವನ್ನೇ ತುರುಕಿಕೊಂಡು ಒಳಗೆ ನಡೆದಳು, ಸರಪರ ಸರಪರ.

ಹತ್ತಕ್ಕೆ ಎರಡು ತಾಸಿನ ಎರಡನೆಯ ಸುತ್ತು. ಒಬ್ಬೊಬ್ಬರು ಎರಡೆರಡು ಕುರಿ ಮುಗಿಸಿದ್ದರಷ್ಟೆ. ಮರಿಗಳು ಈಗ ದನಿ ಕಿತ್ತುಹೋಗುವ ಹಾಗೆ ಅರಚುತ್ತಿದ್ದವು. ಅಂಟು ಸತ್ತ ಪ್ಯಾಡು ಬೆವರಿಗೆ ಜಾರಿ ಹೆಗಲ ಕಡೆ ಪ್ರಯಾಣ ಹೊರಟಿತ್ತು. ಅದನ್ನು ಎಲ್ಲರೆದುರು ಹೇಗೆ ಕೆಳಗಿಳಿಸುವುದೆಂದು ಯೋಚಿಸುತ್ತ ಅವಳು ಮರ್ವ್ ಬೋಳಿಸಿದ ತುಪ್ಪಟದ ಮೇಲೆ ಬಾಗಿದಳು. ಟಪ್ ಎಂದು ಒಂದು ಹನಿ ಬಿತ್ತು.

ಬೆಣ್ಣೆಯಂಥ ಉಣ್ಣೆಯ ಮೇಲೆ ಗುಂಡು ಹನಿ. ಅವಳು ಅದನ್ನು ನೋಡಿದಳು. ಮೇಜಿನ ಆಚೆ ಬದಿಯಲ್ಲಿ ಉಣ್ಣೆ ಸುತ್ತುತ್ತಿದ್ದ ಹುಡುಗಿಯೂ ನೋಡಿ ಕೂಡಲೇ ಛಾವಣಿ ನೋಡತೊಡಗಿದಳು. ಮೂಟೆಗೆ ಹೋದ ಒಂದು ಒದ್ದೆ ಹಿಡಿ ಇಡೀ ಮೂಟೆಗೆ ಬೂಷ್ಟು ಹಿಡಿಸುತ್ತದೆ. ಇದೇ ತಪ್ಪಿಗೆ ಅವಳು ಎಷ್ಟು ಜನ ಹುಡುಗರನ್ನು ಬೈದಿಲ್ಲ, ಒಬ್ಬನನ್ನಂತೂ ಅಳಿಸಿದ್ದಳು. ಈಗ ಆ ಹನಿ ಬಿದ್ದ ಹಿಡಿಯನ್ನು ತಾನೇ ಕಿತ್ತು, ನಾಲ್ಕು ಹೆಜ್ಜೆ ನಡೆದು, ಉಚ್ಚೆ ಹಿಕ್ಕೆ ಹತ್ತಿದ ಉಣ್ಣೆಯ ಖಾನೆಗೆ ಹಾಕಿದಳು. ಬೆಳಿಗ್ಗೆ ಮಾರ್ನಿ ಕಣ್ಣು ಮುಚ್ಚಿ ಗುಟುಕರಿಸಿದ್ದೂ ಇದನ್ನೇ. ನಿಯಮ ನಿಯಮವೇ. ವಾಪಸು ತಿರುಗುವಾಗ ತಗ್ಗಿ ನೋಡಿಕೊಂಡಳು: ನೀಲಿ ಅಂಗಿಯ ಮೇಲೆ ಎರಡು ಕಪ್ಪು ವರ್ತುಲ, ದೊಡ್ಡದಾಗುತ್ತಲೇ ಇವೆ. ಮುಗಿಯಿತು, ಹಾಲ್ಡೇನ್ ಈಗ ಬಂದರೆ ಮುಗಿಯಿತು ಎಂದು ಅವಳ ಕಣ್ಣಲ್ಲಿ ಹೊಸದಾಗಿ ನೀರು ತುಂಬಿತು. ಇದೊಂದು ಬಾಕಿಯಿತ್ತು ನೋಡಿ ಎಂದುಕೊಂಡಳು.

ಮರ್ವ್‌ನ ಕತ್ತರಿ ನಿಂತಿತು.

ಅವನು ಬೆನ್ನು ನೆಟ್ಟಗೆ ಮಾಡಿ, ಸೊಂಟಕ್ಕೆ ಕೈಕೊಟ್ಟು, ಅವಳ ಕಡೆ ನೋಡದೆ, “ಹುಡುಗ್ರಾ, ಈ ಕುರಿ ನಂಗೆ ಒದ್ದೆ ಅನ್ಸುತ್ತೆ. ಚೀಟಿ ಹಾಕೋಣ,” ಅಂದ.

ಒಂದರ ಹಿಂದೊಂದು ಕತ್ತರಿಗಳು ನಿಂತವು. ಒದ್ದೆ ಕುರಿ ಬೋಳಿಸಿದರೆ ಕತ್ತರಿಗಾರರ ಕೀಲು ಹಿಡಿಯುತ್ತದೆ, ಮೈಮೇಲೆ ಗುಳ್ಳೆ ಏಳುತ್ತವೆ. ಅದಕ್ಕೇ ಅನುಮಾನ ಬಂದಾಗ ಎರಡೆರಡು ಕುರಿ ಬೋಳಿಸಿ ನೋಡಿ, ಗುಟ್ಟಾಗಿ ಚೀಟಿ ಬರೆದು ಹಾಕುವುದು ಅವರ ಹಳೆಯ ಪದ್ಧತಿ. ಒದ್ದೆ ಎಂದು ಹೆಚ್ಚು ಬಂದರೆ ಆ ಸುತ್ತು ಕೆಲಸವಿಲ್ಲ, ಬೋಳಿಸದ ಕುರಿಗೆ ಕೂಲಿಯೂ ಇಲ್ಲ. ಯಾರು ಏನು ಬರೆದರೆಂದು ಯಾರೂ ಕೇಳುವ ಹಾಗಿಲ್ಲ, ಯಜಮಾನನೂ ಕೂಡ. ಆರು ಜನ ಆರು ಮೂಲೆಗೆ ತಿರುಗಿ ಸಿಗರೇಟು ಸುತ್ತುವ ಕಾಗದದ ಮೇಲೆ ಪೆನ್ಸಿಲ್ ಆಡಿಸಿದರು. ಮರ್ವ್ ತನ್ನ ಟೋಪಿಯಲ್ಲಿ ಚೀಟಿ ಹಾಕಿಸಿಕೊಳ್ಳುತ್ತ ಒಂದು ಸುತ್ತು ಬಂದ.

ಬ್ರೈಡಿಗೆ ಏನೂ ಅರ್ಥವಾಗಲಿಲ್ಲ. ಕೈ ತಾನಾಗಿಯೇ ಮೇಜಿನ ಮೇಲಿನ ತುಪ್ಪಟದೊಳಕ್ಕೆ ಹೋಯಿತು. ಒಣ. ಬುಡದಲ್ಲಿ ಒಣ, ತುದಿಯಲ್ಲಿ ಒಣ. ಒಂದು ವಾರದಿಂದ ಇಬ್ಬನಿಯೂ ಬಿದ್ದಿಲ್ಲ. ಬಾಗಿಲಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಮರಿಗಳ ಕಾಲಿಗೆ ಕೆಂಧೂಳು ಎದ್ದು ಶೆಡ್ಡಿನೊಳಗೆ ತೇಲುತ್ತಿತ್ತು.

“ಒದ್ದೆ,” ಎಂದು ಮರ್ವ್ ಮೊದಲ ಚೀಟಿ ಓದಿದ. “ಒದ್ದೆ. ಒದ್ದೆ.” ನಾಲ್ಕನೆಯದನ್ನು ಬಿಡಿಸಿ ಹುಬ್ಬು ಗಂಟಿಕ್ಕಿದ. “ಒಣ. ಯಾವನೋ ಕಳ್ಳ ನಿಜ ಬರೆದಿದಾನೆ.” ಉಳಿದ ಎರಡನ್ನೂ ಬಿಡಿಸಿದ. “ಒದ್ದೆ, ಒದ್ದೆ. ಐದು ಒದ್ದೆ, ಒಂದು ಒಣ. ಕತ್ತರಿ ಕೆಳಗಿಡಿ.”

ಅದೇ ಹೊತ್ತಿಗೆ ಧೂಳು ಮೂಗಿಗೆ ಹೋಗಿ, ಬಾಗಿಲ ಪಕ್ಕದ ಮಾವೊರಿ ಜನಾಂಗದ ಕತ್ತರಿಗಾರ ಹೇಮಿ ಶೆಡ್ಡು ನಡುಗುವ ಹಾಗೆ ಸೀನಿದ. ಸೀನು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಹಾಲ್ಡೇನ್ ನಿಂತಿದ್ದ. ಯಂತ್ರದ ಸದ್ದು ನಿಂತದ್ದು ಕೇಳಿ ಬಂದಿದ್ದ. ನಾಯಿಯೂ ಬಂದಿತ್ತು.

“ಏನಾಯ್ತು?”

“ಚೀಟಿ ಹಾಕಿದ್ವಿ ಯಜಮಾನ್ರೇ. ಕುರಿ ಒದ್ದೆ,” ಅಂದ ಮರ್ವ್.

ಹಾಲ್ಡೇನ್ ತಲೆಯೆತ್ತಿ ಆಕಾಶ ನೋಡಿದ. ಅಲ್ಲಿ ಒಂದು ಮೋಡವೂ ಇರಲಿಲ್ಲ. “ಒದ್ದೆ?”

“ಇಬ್ಬನಿ,” ಅಂದ ಹೇಮಿ, ಮೂಗು ಒರೆಸಿಕೊಳ್ಳುತ್ತ.

“ಹತ್ತೂಕಾಲಿಗೆ?”

“ಈ ಸಲದ ಇಬ್ಬನಿ ಸ್ವಲ್ಪ ಹಠಮಾರಿ, ಯಜಮಾನ್ರೇ.”

ಯಾರೂ ನಗಲಿಲ್ಲ. ಆರು ಜನ ಗಂಡಸರು ತಮ್ಮ ತಮ್ಮ ಬೂಟುಗಳನ್ನು ಆಳವಾಗಿ ಪರೀಕ್ಷಿಸುತ್ತಿದ್ದರು. ಬ್ರೈಡಿಗೆ ಆಗ ಹೊಳೆಯಿತು. ಹೊಳೆದದ್ದೇ, ಕುತ್ತಿಗೆಯಿಂದ ಹಣೆಯವರೆಗೆ ಬೆಂಕಿ ಹತ್ತಿತು. ಇವರಿಗೆಲ್ಲ ಗೊತ್ತಾಗಿದೆ, ಎರಡು ತಾಸಿನ ಕೂಲಿ ಬಿಟ್ಟು ಇವಳ ಅಂಗಿ ಒಣಗಲಿ ಎಂದು ನಿಂತಿದ್ದಾರೆ. ನೆಲ ಬಾಯ್ಬಿಡಬಾರದೇ ಅನ್ನಿಸಿತು, ಇವರನ್ನೆಲ್ಲ ಒಬ್ಬೊಬ್ಬರನ್ನೇ ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಅಂಗಿಯ ಈ ಸ್ಥಿತಿಯಲ್ಲಿ ಎರಡೂ ಸಾಧ್ಯವಿರಲಿಲ್ಲ.

ಹಾಲ್ಡೇನ್ ಅವಳ ಕಡೆ ತಿರುಗಿದ. “ಬ್ರೈಡಿ, ಚೀಟಿ ವಿಷಯ ನಾನು ಕೇಳಲ್ಲ, ಅದು ಅವರ ಹಕ್ಕು. ಉಣ್ಣೆ ವಿಷಯ ನಿನ್ನದು. ನಿನ್ನ ಕೈ ಏನ್ ಹೇಳುತ್ತೆ?”

ಕ್ಲಿಪ್‌ಬೋರ್ಡು ಎದೆಗೆ ಅಡ್ಡ ಇತ್ತು. ಒದ್ದೆ ಎಂದು ಒಂದು ಮಾತು ಹೇಳಿದರೆ ಸಾಕು. ಕೆಲಸ ಉಳಿಯುತ್ತದೆ, ಇವರ ಔದಾರ್ಯವೂ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ, ಅವಳ ಕೈಯೊಂದನ್ನು ಬಿಟ್ಟು. ಮೂಟೆಗಳ ಮೇಲೆ ಅವಳ ಅಚ್ಚು ಬೀಳುತ್ತದಲ್ಲ, ಅವಳ ಅಂಕೆ. ಅದನ್ನು ನೋಡಿ ಸಮುದ್ರದಾಚೆಯವರು ಮೂಟೆ ಬಿಚ್ಚದೆ ಕೊಳ್ಳುತ್ತಾರೆ. ಈ ಕೈ ಇವತ್ತು ಒಣಗಿದ್ದನ್ನು ಒದ್ದೆ ಎಂದರೆ ನಾಳೆ ಇನ್ನೇನನ್ನುತ್ತದೆ? ಅದಕ್ಕಿಂತ ಕೆಲಸ ಹೋದರೆ ಹೋಗಲಿ ಎಂದು ಒಂದು ಹಠ ಕಾಲಿನಿಂದ ಹತ್ತಿಕೊಂಡು ಬಂತು. ಅವಳು ಕ್ಲಿಪ್‌ಬೋರ್ಡನ್ನು ಮೇಜಿನ ಮೇಲಿಟ್ಟಳು.

“ಕುರಿ ಒಣಗಿವೆ ಯಜಮಾನ್ರೇ. ನೆನೆದಿರೋದು ನಾನು.”

ಹಾಲ್ಡೇನ್ ಅಂಗಿ ನೋಡಿದ, ಥಟ್ಟನೆ ನಾಯಿಯನ್ನು ನೋಡಿದ, ನಾಯಿ ಅವನನ್ನು ನೋಡಿತು.

“ಮಗು ಎಲ್ಲಿ?”

“ಊರಲ್ಲಿ. ಅತ್ತೆ ಹತ್ರ.”

“ಮೂವತ್ತು ಕಿಲೋಮೀಟರ್ ಆಚೆ ಯಾಕೆ ಇಟ್ಟಿದೀಯಮ್ಮ?”

“ನೀವೇ...” ಎಂದು ಶುರುಮಾಡಿ ಅವಳು ನಿಂತಳು. ಆ ವರಾಂಡ, ಆ ಚಹಾ, ತಟ್ಟೆಯ ಪಕ್ಕದ ಆ ದುಂಡನೆಯ ವಸ್ತು. ಮಗುವನ್ನು ತರಬೇಡ ಎಂದು ಅವನು ಯಾವಾಗ ಹೇಳಿದ್ದ? ಅವನು ಕೇಳದೆಯೇ, ತರಲ್ಲ ಎಂದದ್ದು ಅವಳೇ.

“ನಾನು ಯಾವತ್ತು ಬೇಡ ಅಂದೆ?” ಹಾಲ್ಡೇನನಿಗೆ ನಿಜವಾಗಿಯೂ ಬೇಜಾರಾಗಿತ್ತು. “ಐವತ್ತು ವರ್ಷದಿಂದ ಕುರಿ ಸಾಕ್ತಿದೀನಿ, ಮರಿ ದೂರ ಇಟ್ರೆ ಏನಾಗುತ್ತೆ ಅಂತ ನಂಗೆ ಗೊತ್ತಿಲ್ವಾ? ನೀನೇ ತರಲ್ಲ ತರಲ್ಲ ಅಂದೆ. ಈಗಿನ ಕಾಲದ ಹುಡುಗೀರು ಹಾಗೇ ಇಷ್ಟಪಡ್ತಾರೇನೋ ಅಂತ ಸುಮ್ನಾದೆ. ಫೋನ್ ಮಾಡಿ ಕರೆಸು.” ಬಾಗಿಲವರೆಗೆ ಹೋದವನು ತಿರುಗಿದ. “ಮರ್ವ್, ಕುರಿ ಯಾವಾಗ ಒಣಗುತ್ತೆ?”

“ಚೀಟಿ ಚೀಟಿನೇ, ಯಜಮಾನ್ರೇ. ಊಟದ ಬಿಡುವು ಮುಗಿದು ಒಂದು ಗಂಟೆಗೆ ಒಣಗಿರ್ತವೆ.”

“ಹಠಮಾರಿ ಇಬ್ಬನಿ,” ಅಂದ ಹಾಲ್ಡೇನ್. ಅವನ ಹೆಗಲು ಕುಣಿಯುತ್ತಿರುವುದು ಹಿಂದಿನಿಂದ ಕಾಣಿಸುತ್ತಿತ್ತು. ಅವನು ಅಂಗಳ ದಾಟುವವರೆಗೂ ಶೆಡ್ಡು ತಡೆದುಕೊಂಡಿತ್ತು. ಆಮೇಲೆ ಆರು ಕತ್ತರಿಗಾರರೂ ಮೇಜಿನ ಹುಡುಗಿಯೂ ಬ್ರೈಡಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಾಗ ಇನ್ನಷ್ಟು ಹಾಲು ಸೋರಿತು, ಸೋರಲಿ ಎಂದು ಬಿಟ್ಟಳು.

ನೊಲೀನ್ ಇಪ್ಪತ್ತೇ ನಿಮಿಷದಲ್ಲಿ ಬಂದಳು, ಏಳೂವರೆಯಿಂದ ಕಾರಿನಲ್ಲೇ ಕೂತಿದ್ದವಳ ಹಾಗೆ. ನೀಲಗಿರಿ ಮರದ ನೆರಳಿನಲ್ಲಿ ಮಾರ್ನಿ ತಾಯಿಯ ಎದೆಗೆ ಬಿದ್ದು, ಕೈ ಮುಷ್ಟಿ ಮಾಡಿಕೊಂಡು, ಉಸಿರುಗಟ್ಟಿ ಗುಟುಕುಗುಟುಕಾಗಿ ಕುಡಿದಳು. ಅವಳ ಬೆಚ್ಚಗಿನ ನೆತ್ತಿಗೆ ಮೂಗಿಟ್ಟಾಗ ಬ್ರೈಡಿಗೆ ಬೆಳಗಿನ ಆ ಅಳು, ಪುಸ್ತಕದಲ್ಲಿ ಬರೆದಿದ್ದ ಅಳು, ಮೂವತ್ತು ಕಿಲೋಮೀಟರ್ ತಡವಾಗಿ ಬಂತು. ಸುಖವಾಗಿ ಅತ್ತಳು. ಪಕ್ಕದಲ್ಲಿ ನೊಲೀನ್ ಮರ್ವ್‌ನಿಗೆ, ಚಹಾ ಹೀಗಾ ಮಾಡೋದು, ಇದನ್ನ ಕುರಿಗೆ ಕುಡಿಸಿ ಎಂದು ಬೈಯುತ್ತಿದ್ದಳು.

“ನೊಲೀನ್,” ಎಂದು ಬ್ರೈಡಿ ಕರೆದಳು. “ಆ ಕಂದು ಜೊತೆ...”

ನೊಲೀನ್ ಕೋಟಿನ ಜೇಬಿನಿಂದ ತೆಗೆದು ಕೊಟ್ಟಳು. ಕೈಗೆ ತೆಗೆದುಕೊಂಡಾಗ ಬೆರಳಿಗೆ ಜಿಡ್ಡು ಹತ್ತಿತು. ಬೆಳಗ್ಗೆಯಿಂದ ಇದೇ ಜಿಡ್ಡಿನಲ್ಲಿ ಮುಳುಗಿದ್ದ ಬೆರಳು. ಚಳಿಗಾಲದ ಮಳೆ ಕುರಿಯ ಬೆನ್ನಿನಿಂದ ಹೇಗೆ ಜಾರಿ ಹೋಗುತ್ತದೆಂದು ಹನ್ನೊಂದು ವರ್ಷದಿಂದ ನೋಡಿದ್ದಾಳೆ. ಆ ಜಿಡ್ಡನ್ನೇ ಕೊಳೆ ಎಂದು ಬಿಸಿನೀರಿನಲ್ಲಿ ನಾಲ್ಕು ಸಲ ತೊಳೆದು ತೆಗೆದವಳು ತಾನು! ಎಳೆಯ ನವಿರು ನೋಡಿದಳು, ಬಿಳುಪು ನೋಡಿದಳು, ಕೆಲಸಕ್ಕೆ ಬರುವುದು ಯಾವುದೆಂದು ನೋಡಲೇ ಇಲ್ಲ. ಉಣ್ಣೆಯ ಬಗ್ಗೆ ಏನೂ ಗೊತ್ತಿಲ್ಲದವಳಾಗಿದ್ದರೆ ಅತ್ತೆ ಕೊಟ್ಟದ್ದನ್ನು ಹಾಕಿಕೊಂಡು ಸುಮ್ಮನೆ ಬರುತ್ತಿದ್ದಳು.

ಒಂದು ಗಂಟೆಗೆ ಕುರಿಗಳು ಒಣಗಿದವು. ಕತ್ತರಿಗಳು ಮತ್ತೆ ಗುಂಯ್‌ಗುಟ್ಟಿದವು. ಮಾರ್ನಿ ಮೇಜಿನಿಂದ ಆರು ಹೆಜ್ಜೆ ದೂರದ ಖಾಲಿ ಖಾನೆಯೊಂದರಲ್ಲಿ, ಹೊಸ ಮೂಟೆಚೀಲ ಹಾಸಿದ ಮೇಲೆ ಮಲಗಿದ್ದಳು. ಅವಳ ಖಾನೆಯ ಹೊರಗೆ ಸ್ಪಡ್ ಕಾವಲು ಕೂತಿತ್ತು. ಮೇಜಿನ ಹತ್ತಿರ ತುಪ್ಪಟ ತಂದು ಬೀಸಿ ಹಾಕುವ ನೆಪದಲ್ಲಿ ಮರ್ವ್ ಬಂದು ದನಿ ತಗ್ಗಿಸಿದ. “ಆ ‘ಒಣ’ ಚೀಟಿ ನಂದು ಕಣಮ್ಮ.”

“ನಿಂದಾ? ಚೀಟಿ ಹಾಕೋಣ ಅಂದಿದ್ದೇ ನೀನು!”

“ಅನ್ನೋದು ಬೇರೆ, ಬರೆಯೋದು ಬೇರೆ. ನಲವತ್ತು ವರ್ಷದಲ್ಲಿ ಒಂದು ಸುಳ್ಳು ಚೀಟಿ ಬರೆದಿಲ್ಲ ನಾನು. ಈ ಐವರು ಹೇಗೂ ಬರೀತಾರೆ ಅಂತ ಗೊತ್ತಿತ್ತು.” ಕೊಕ್ಕೆ ಬೆನ್ನು ತಿರುಗಿಸಿಕೊಂಡು ತನ್ನ ಕುರಿಯ ಕಡೆ ಹೋದ.

ಎರಡೂವರೆಗೆ ಹೊರಗಿನ ದೊಡ್ಡಿಯಲ್ಲಿ ಮರಿಗಳು ಮತ್ತೆ ಶುರುಮಾಡಿದವು. ಒಂದು, ಎರಡು, ನಾನೂರು. ಬ್ರೈಡಿಯ ಎದೆಯಲ್ಲಿ ಜುಂ ಎಂದಿತು, ಬಿಸಿಯಾಯಿತು, ಇಳಿಯಿತು. ಅವಳು ಕೈಯಲ್ಲಿದ್ದ ಉಣ್ಣೆಯನ್ನು ಹಾಗೇ ಹಿಡಿದುಕೊಂಡು ಕಾದಳು. ಎಷ್ಟು ಹೊತ್ತು ಕಾದರೂ ಅಂಗಿ ನೀಲಿಯಾಗಿಯೇ ಇತ್ತು. ಚುಚ್ಚುವುದಂತೂ ನಿಜ, ಅಂಗಿಯೊಳಗೆ ಟಗರೊಂದನ್ನು ಇಟ್ಟುಕೊಂಡ ಹಾಗೆ ಚುಚ್ಚುತ್ತಿತ್ತು.

ಖಾನೆಯ ಅಂಚಿಗೆ ಒರಗಿ ಹೆಣೆಯುತ್ತಿದ್ದ ನೊಲೀನ್ ಇಪ್ಪತ್ತು ಜನಕ್ಕೆ ಕೇಳಿಸುವ ದನಿಯಲ್ಲಿ ಕೇಳಿದಳು: “ಹೇಗಿದೆಯಮ್ಮ?”

“ಚುಚ್ಚುತ್ತೆ.”

“ಗೊತ್ತು. ಸೋರಿತಾ?”

“ಇಲ್ಲ.”

“ಮತ್ತೆ?” ಅಂದಳು ನೊಲೀನ್. ಅವಳ ಕೈಯಲ್ಲಿ ಇನ್ನೊಂದು ಜೊತೆ ಆಗಲೇ ಅರ್ಧ ಮುಗಿದಿತ್ತು, ಅದೇ ಹಳಸಿದ ಚಹಾದ ಬಣ್ಣ.